ಬಹುವಚನದ ಪಟ್ಟಿ ಮತ್ತು ಲಿಂಡ್ಲಿ ಮರ್ರೆಯ ಬದುಕು

ಇಂಗ್ಲಿಷಿನ ಬಹುವಚನವನ್ನು ಕಲಿತ ಬಗೆ ನಮ್ಮಲ್ಲಿ ಬಹುಮಂದಿಗೆ ಒಂದೇ. ಮೊದಲು ಪದದ ಕೊನೆಗೆ ಎಸ್ ಹಚ್ಚುವ ನಿಯಮ, ಅನಂತರ ಇಎಸ್ ಹಚ್ಚುವ ನಿಯಮ, ಎಫ್ ಇದ್ದಲ್ಲಿ ವಿಇಎಸ್ ಆಗುವ ನಿಯಮ, ಕೊನೆಗೆ ಯಾವ ನಿಯಮಕ್ಕೂ ಒಳಪಡದ ಪದಗಳ ಒಂದು ಪಟ್ಟಿ. ಮ್ಯಾನ್–ಮೆನ್, ಫುಟ್–ಫೀಟ್, ಟೂತ್–ಟೀತ್, ಮೌಸ್–ಮೈಸ್, ಆಕ್ಸ್–ಆಕ್ಸನ್, ಚೈಲ್ಡ್–ಚಿಲ್ಡ್ರನ್. ಈ ಪಟ್ಟಿಯನ್ನು ಮಗ್ಗಿಯ ಹಾಗೆ ಒಪ್ಪಿಸಬೇಕಾಗಿತ್ತು. ಕಾರಣ ಕೇಳುವ ಪದ್ಧತಿ ಇರಲಿಲ್ಲ. ಆ ಪದರೂಪಗಳು ಪ್ರಾಚೀನವಾದರೂ ಅವನ್ನು ಈ ಕ್ರಮದಲ್ಲಿ ಜೋಡಿಸಿ, ಅಪವಾದವೆಂದು ಬೇರೆ ಇರಿಸಿ ಕಲಿಸುವ ರೀತಿ ಅಷ್ಟು ಹಳೆಯದಲ್ಲ. ಹದಿನೆಂಟನೆಯ ಶತಮಾನದ ವ್ಯಾಕರಣಗಳಲ್ಲಿ ಅದು ರೂಪುಗೊಂಡಿತು. 1795ರಲ್ಲಿ ಪ್ರಕಟವಾದ ಒಂದು ಶಾಲಾಪಠ್ಯದ ಮೂಲಕ ದೇಶದೇಶಗಳ ತರಗತಿಗಳನ್ನು ಸೇರಿತು. ಆ ಪಠ್ಯದ ಕರ್ತೃ ಲಿಂಡ್ಲಿ ಮರ್ರೆ.

ಮರ್ರೆ (1745–1826) ವಿಶ್ವವಿದ್ಯಾನಿಲಯದಲ್ಲಿ ಓದಿದವನಲ್ಲ, ವೃತ್ತಿಯಿಂದ ಅಧ್ಯಾಪಕನೂ ಅಲ್ಲ. ವಕೀಲಿಕೆ ಹಾಗೂ ವ್ಯಾಪಾರ ಮಾಡಿ ಹಣ ಗಳಿಸಿ, ನಡುವಯಸ್ಸಿಗೆ ಮುನ್ನವೇ ಕಾಲಿನ ಶಕ್ತಿಯನ್ನು ಕಳೆದುಕೊಂಡು ಕುರ್ಚಿಯಲ್ಲಿ ಕುಳಿತವನು. ಒಂದು ಕಡೆ ಅವನನ್ನು ಇಂಗ್ಲಿಷ್ ವ್ಯಾಕರಣದ ಪಿತಾಮಹನೆಂದು ಹೊಗಳಿದವರಿದ್ದಾರೆ. ಇನ್ನೊಂದು ಕಡೆ ಪೂರ್ವಿಕರ ಗ್ರಂಥಗಳನ್ನು ಕತ್ತರಿಸಿ ಅಂಟಿಸಿದ ಕೃತಿಚೋರನೆಂದು ತೆಗಳಿದವರಿದ್ದಾರೆ. ಎರಡೂ ತೀರ್ಪುಗಳು ಅವನ ಪುಸ್ತಕ ಯಾರಿಗಾಗಿ ಬರೆದದ್ದು ಎಂಬುದನ್ನು ಮರೆತಿವೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಬಹುವಚನವನ್ನು ಕುರಿತ ಅವನ ಕೆಲವೇ ಪುಟಗಳನ್ನು ಎದುರಿಗಿಟ್ಟುಕೊಂಡು ಅವನ ಬದುಕನ್ನು ಓದಿದರೆ ಈ ವಿಚಾರ ಹೆಚ್ಚು ಸ್ಪಷ್ಟವಾಗುತ್ತದೆ.

ಲಿಂಡ್ಲಿ ಮರ್ರೆ ಹುಟ್ಟಿದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಸ್ವತಾರ ಎಂಬ ಹೊಳೆಯ ಸೀಮೆಯಲ್ಲಿ. ತಂದೆ ರಾಬರ್ಟ್ ಮರ್ರೆ ಆರಂಭದಲ್ಲಿ ಹಿಟ್ಟಿನ ಗಿರಣಿಯವನು. ಮುಂದೆ ನ್ಯೂಯಾರ್ಕಿನ ಪ್ರಮುಖ ವರ್ತಕರಲ್ಲಿ ಒಬ್ಬನಾಗಿ ಬೆಳೆದವನು. ಇಂದಿಗೂ ಆ ನಗರದ ಒಂದು ಭಾಗಕ್ಕೆ ಇರುವ ಮರ್ರೆ ಹಿಲ್ ಎಂಬ ಹೆಸರು ಈ ಮನೆತನದ್ದು. ತಾಯಿ ಮೇರಿ ಲಿಂಡ್ಲಿ. ತಾಯಿಯ ತವರಿನ ಹೆಸರೇ ಮಗನಿಗೆ ಬಂದಿತು. ಕುಟುಂಬವು ಕ್ವೇಕರ್ ಪಂಥಕ್ಕೆ ಸೇರಿದ್ದು. ಪುರೋಹಿತರಿಲ್ಲದ, ಮೌನಪ್ರಾರ್ಥನೆಯನ್ನು ಮುಖ್ಯವೆಂದು ಬಗೆಯುವ, ಯುದ್ಧವನ್ನು ಒಪ್ಪದ ಈ ಪಂಥದ ಪ್ರಸ್ತಾಪ ಇಲ್ಲಿ ಕೇವಲ ಕುಲಪರಿಚಯಕ್ಕಾಗಿ ಅಲ್ಲ. ಏಕವಚನ ಬಹುವಚನಗಳ ಚರ್ಚೆಯಲ್ಲಿ ಅದು ಮತ್ತೆ ಬರಲಿದೆ.

ಬಾಲಕ ಮರ್ರೆ ಕೆಲಕಾಲ ಫಿಲಡೆಲ್ಫಿಯಾದಲ್ಲಿ ಓದಿದನು. ಕುಟುಂಬ ಸ್ವಲ್ಪ ಕಾಲ ನಾರ್ತ್ ಕರೊಲಿನಾದಲ್ಲಿದ್ದು, 1753ರಲ್ಲಿ ನ್ಯೂಯಾರ್ಕಿನಲ್ಲಿ ನೆಲೆಸಿತು. ತಂದೆಗೆ ಹಿರಿಯ ಮಗ ವ್ಯಾಪಾರದ ಲೆಕ್ಕಪತ್ರ ನೋಡಿಕೊಳ್ಳಲೆಂಬ ಇಚ್ಛೆ. ಮಗನಿಗೆ ಓದಿನ ಹಂಬಲ. ಅಪ್ಪಣೆ ಮೀರಿದ್ದಕ್ಕೆ ಒಮ್ಮೆ ತಂದೆಯಿಂದ ಕಠಿಣ ಶಿಕ್ಷೆಯಾದಾಗ ಹುಡುಗ ಯಾರಿಗೂ ತಿಳಿಸದೆ ಮನೆ ಬಿಟ್ಟು ನ್ಯೂಜೆರ್ಸಿಯ ಬರ್ಲಿಂಗ್ಟನ್ ಎಂಬ ಊರಿಗೆ ಹೋಗಿ, ಅಲ್ಲಿನ ವಸತಿಶಾಲೆಯೊಂದಕ್ಕೆ ತಾನೇ ಸೇರಿಕೊಂಡು ಫ್ರೆಂಚ್ ಕಲಿಯತೊಡಗಿದನು. ಮನೆ ಬಿಟ್ಟು ಓಡಿಹೋದ ಹುಡುಗರ ಕಥೆಗಳು ಎಷ್ಟೋ ಇವೆ. ಓಡಿಹೋಗಿ ಶಾಲೆಗೆ ಸೇರಿದವರ ಕಥೆ ಅಪರೂಪ. ಅಡಗಿದ ಜಾಗ ಪತ್ತೆಯಾಗಿ ಮನೆಗೆ ಕರೆತಂದ ಮೇಲೆ ತಂದೆ ಪಟ್ಟು ಸಡಿಲಿಸಿ ಮನೆಪಾಠದ ಅಧ್ಯಾಪಕನನ್ನು ಗೊತ್ತುಮಾಡಿದನು. ಮುಂದೆ ಬೆಂಜಮಿನ್ ಕಿಸ್ಸಮ್ ಎಂಬ ವಕೀಲನ ಕಚೇರಿಯಲ್ಲಿ ಮರ್ರೆ ಕಾನೂನು ಕಲಿತನು. ಅದೇ ಕಚೇರಿಯಲ್ಲಿ ಅವನ ಸಹಪಾಠಿಯಾಗಿದ್ದವನು ಜಾನ್ ಜೇ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೊದಲ ಮುಖ್ಯ ನ್ಯಾಯಾಧೀಶನಾದವನು ಅವನೇ. 1767ರಲ್ಲಿ ಮರ್ರೆಗೆ ಹನ್ನಾ ಡಾಬ್ಸನ್ ಜೊತೆ ಮದುವೆಯಾಯಿತು. ಸುಮಾರು ಆರು ದಶಕಗಳ ಆ ದಾಂಪತ್ಯದಲ್ಲಿ ಮಕ್ಕಳಾಗಲಿಲ್ಲ.

ವಕೀಲಿಕೆ ಚೆನ್ನಾಗಿಯೇ ನಡೆಯಿತು. ಆದರೆ ಅಮೆರಿಕದ ಸ್ವಾತಂತ್ರ್ಯಯುದ್ಧ ಎಲ್ಲವನ್ನೂ ಕದಡಿತು. ಯುದ್ಧದ ಆರಂಭದ ವರ್ಷಗಳಲ್ಲಿ ಮರ್ರೆ ದಂಪತಿಗಳು ಲಾಂಗ್ ಐಲೆಂಡಿನ ಇಸ್ಲಿಪ್‌ನಲ್ಲಿ ದೂರವಾಗಿ ಉಳಿದರು. ಅನಂತರ ಬ್ರಿಟಿಷರ ವಶದಲ್ಲಿದ್ದ ನ್ಯೂಯಾರ್ಕಿಗೆ ಮರಳಿ ಮರ್ರೆ ಲಂಡನ್ನಿನಿಂದ ಸರಕು ತರಿಸಿ ಮಾರುವ ವ್ಯಾಪಾರಕ್ಕೆ ಇಳಿದನು. ಯುದ್ಧ ಮುಗಿಯುವ ಹೊತ್ತಿಗೆ ದುಡಿಮೆಯನ್ನು ನಿಲ್ಲಿಸುವಷ್ಟು ಸಂಪತ್ತು ಕೂಡಿತ್ತು. ನದೀತೀರದಲ್ಲಿ ಬೆಲ್‌ವ್ಯೂ ಎಂಬ ತೋಟದ ಮನೆಯನ್ನು ಕೊಂಡನು. ಅಲ್ಲಿ ನೆಮ್ಮದಿಯಾಗಿ ಇರಬೇಕೆನ್ನುವಷ್ಟರಲ್ಲಿ ಕಾಲುಗಳ ಸ್ನಾಯುಗಳು ಸೋಲತೊಡಗಿದವು. ತಂಪು ಹವೆಯ ನಾಡು ಒಳ್ಳೆಯದೆಂಬ ವೈದ್ಯರ ಸಲಹೆಯಂತೆ 1784ರಲ್ಲಿ ದಂಪತಿಗಳು ಇಂಗ್ಲೆಂಡಿಗೆ ಹಡಗು ಹತ್ತಿದರು. ಮರ್ರೆ ತನ್ನ ಆತ್ಮಕಥನದಲ್ಲಿ ಕೊಡುವ ಕಾರಣ ಇದೊಂದೇ. ಯುದ್ಧಕಾಲದಲ್ಲಿ ಅವನ ಕುಟುಂಬ ಬ್ರಿಟಿಷರೊಡನೆ ನಡೆಸಿದ ವ್ಯಾಪಾರವು ಹೊಸ ಗಣರಾಜ್ಯದಲ್ಲಿ ತಂದೊಡ್ಡಬಹುದಾಗಿದ್ದ ತೊಂದರೆಯೂ ಈ ವಲಸೆಯ ಹಿಂದೆ ಇದ್ದಿರಬೇಕೆಂದು ಈಚಿನ ಜೀವನಚರಿತ್ರಕಾರರು ಶಂಕಿಸಿದ್ದಾರೆ. ಆ ಶಂಕೆ ನಿರಾಧಾರವೆಂದು ತಳ್ಳಿಹಾಕುವಂತಿಲ್ಲ. ಏನೇ ಇರಲಿ, ಮರಳಿ ಹೋಗುವ ಆಸೆ ಇಟ್ಟುಕೊಂಡೇ ಹೊರಟವನು ಮತ್ತೆ ಹುಟ್ಟೂರನ್ನು ಕಾಣಲಿಲ್ಲ.

ಯಾರ್ಕ್ ನಗರದ ಅಂಚಿನ ಹೋಲ್ಗೇಟ್ ಎಂಬಲ್ಲಿ ಮನೆ ಕೊಂಡು 1785ರ ಸುಮಾರಿಗೆ ಅವರು ನೆಲೆಸಿದರು. ಆರಂಭದಲ್ಲಿ ಕೈತೋಟದಲ್ಲಿ ಕೆಲವು ಹೆಜ್ಜೆ ನಡೆಯುವುದು ಸಾಧ್ಯವಿತ್ತು. ಕ್ರಮೇಣ ಅದೂ ನಿಂತಿತು. ಗಾಡಿಯಲ್ಲಿ ಪ್ರಾರ್ಥನಾಸಭೆಗೆ ಹೋಗಿ ಬರುತ್ತಿದ್ದವನು 1809ರ ನಂತರ ಮನೆಯ ಹೊಸ್ತಿಲನ್ನೇ ದಾಟಲಿಲ್ಲ. ಧ್ವನಿಯೂ ಕ್ಷೀಣಿಸಿ, ಸಭೆಯಲ್ಲಿ ಧರ್ಮಬೋಧೆ ಮಾಡುವ ಹೊಣೆಯನ್ನು ಬಿಟ್ಟುಕೊಡಬೇಕಾಯಿತು. ಹನ್ನಾ ಬೆಳೆಸಿದ ತೋಟದ ಸಸ್ಯವೈವಿಧ್ಯ ಸುತ್ತಲ ಸೀಮೆಯಲ್ಲೆಲ್ಲ ಹೆಸರಾಯಿತು. ಕಿಟಕಿಯ ಬಳಿ ಕುಳಿತು ಅದನ್ನು ನೋಡುವುದು ಅವನ ಪಾಲಿಗೆ ಉಳಿದ ಹೊರಸಂಚಾರ. ಅವನ ಬರವಣಿಗೆ ಆರಂಭವಾದದ್ದು ಈ ಸ್ಥಿತಿಯಲ್ಲಿ. 1787ರಲ್ಲಿ ಧಾರ್ಮಿಕ ವಿಷಯದ ಚಿಕ್ಕ ಪುಸ್ತಕವೊಂದನ್ನು ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿ ನೆರೆಹೊರೆಯವರಿಗೆ ಉಚಿತವಾಗಿ ಹಂಚಿದನು. ವ್ಯಾಕರಣ ಬರೆಯುವ ಉದ್ದೇಶ ಆಗ ಅವನಿಗೆ ಇರಲಿಲ್ಲ.

ವ್ಯಾಕರಣ ಹುಟ್ಟಿದ್ದು ಬೇರೆಯವರ ಒತ್ತಾಯದಿಂದ. ಎಸ್ತರ್ ಟ್ಯೂಕ್ ಎಂಬಾಕೆ ಯಾರ್ಕಿನ ಟ್ರಿನಿಟಿ ಲೇನ್‌ನಲ್ಲಿ 1785ರಲ್ಲಿ ಕ್ವೇಕರ್ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆದಿದ್ದಳು. ಅಲ್ಲಿ ಪಾಠ ಹೇಳುತ್ತಿದ್ದ ತರುಣಿಯರಿಗೆ ಇಂಗ್ಲಿಷ್ ವ್ಯಾಕರಣದ ಶಿಕ್ಷಣ ಇರಲಿಲ್ಲ. ಅವರು ಹೋಲ್ಗೇಟಿನ ಮನೆಗೆ ಬಂದು ಮರ್ರೆಯಿಂದ ಪಾಠ ಹೇಳಿಸಿಕೊಂಡರು. ಬಾಯಲ್ಲಿ ಹೇಳಿದ್ದು ತರಗತಿಯಲ್ಲಿ ನೆರವಿಗೆ ಬರುವಂತೆ ಪುಸ್ತಕರೂಪದಲ್ಲಿ ಬರೆದುಕೊಡಬೇಕೆಂದು ಅವರು ಕೇಳಿದರು. ಮರ್ರೆ ಮೊದಲು ಹಿಂಜರಿದನು, ಅವರು ಬಿಡಲಿಲ್ಲ. ಹೀಗೆ 1795ರಲ್ಲಿ ಯಾರ್ಕಿನಲ್ಲಿಯೇ ಅಚ್ಚಾಗಿ ಹೊರಬಂದದ್ದು ಅವನ ಇಂಗ್ಲಿಷ್ ವ್ಯಾಕರಣ. ಹೆಣ್ಣುಮಕ್ಕಳಿಗೆ ಲ್ಯಾಟಿನ್ ಕಲಿಸದ ಕಾಲವದು. ಗಂಡುಹುಡುಗರು ಲ್ಯಾಟಿನ್ ವ್ಯಾಕರಣದ ಮೂಲಕ ವಚನ, ವಿಭಕ್ತಿ, ಕಾಲಗಳ ಪರಿಕಲ್ಪನೆಯನ್ನು ಮೊದಲೇ ಪಡೆದಿರುತ್ತಿದ್ದರು. ಆ ಅನುಕೂಲ ಇಲ್ಲದವರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿಯೇ, ಮೊದಲಿನಿಂದ ಹೇಳಬೇಕಾಗಿತ್ತು. ಮರ್ರೆಯ ಸರಳತೆಗೆ ಇದು ಕಾರಣ.

ಬಹುವಚನದ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಸಾಮಾನ್ಯ ನಿಯಮವಾಗಿ ಎಸ್ ಪ್ರತ್ಯಯ. ಎಕ್ಸ್, ಎಸ್‌ಎಸ್, ಎಸ್‌ಹೆಚ್, ಮೃದುವಾದ ಸಿಹೆಚ್ ಬಂದಲ್ಲಿ ಇಎಸ್. ಲೋಫ್–ಲೋವ್ಸ್, ವೈಫ್–ವೈವ್ಸ್ ಮುಂತಾದವು ಬೇರೆ. ಗ್ರೀಫ್, ರಿಲೀಫ್ ಮುಂತಾದವು ಅದಕ್ಕೂ ಅಪವಾದ. ಆಮೇಲೆ ಸ್ವರ ಬದಲಾಗುವ ಮ್ಯಾನ್, ವುಮನ್. ಓಓ ಇದ್ದದ್ದು ಇಇ ಆಗುವ ಫುಟ್, ಗೂಸ್, ಟೂತ್. ಮೌಸ್ ಮತ್ತು ಲೌಸ್. ಆಕ್ಸ್ ಮತ್ತು ಚೈಲ್ಡ್. ಬ್ರದರ್ ಪದಕ್ಕೆ ಬ್ರದರ್ಸ್, ಬ್ರೆದ್ರನ್ ಎಂಬ ಎರಡು ರೂಪ. ಪೆನಿ ಎಂಬುದು ನಾಣ್ಯದ ಬಿಲ್ಲೆಯಾದರೆ ಪೆನೀಸ್, ಮೌಲ್ಯವಾದರೆ ಪೆನ್ಸ್. ಡೈ ಎಂಬುದು ಆಟದ ದಾಳವಾದರೆ ಡೈಸ್ ಎಂದು ಸಕಾರಾಂತ, ಟಂಕಸಾಲೆಯ ಅಚ್ಚಾದರೆ ಡೈಜ್ ಎಂಬ ಉಚ್ಚಾರದ ಇನ್ನೊಂದು ರೂಪ. ಡೀರ್, ಶೀಪ್, ಸ್ವೈನ್ ಎರಡು ವಚನಗಳಲ್ಲಿಯೂ ಒಂದೇ. ಕತ್ತರಿ, ತಿದಿ, ಬೂದಿಗಳನ್ನು ಸೂಚಿಸುವ ಪದಗಳು ಸದಾ ಬಹುವಚನ. ಚಿನ್ನ, ಗೋಧಿ, ಸೋಮಾರಿತನಗಳನ್ನು ಸೂಚಿಸುವವು ಸದಾ ಏಕವಚನ. ಇವುಗಳ ನಂತರ ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂಲದ ಪದಗಳ ಸಾಲು: ಚೆರಬ್, ಕ್ರೈಸಿಸ್, ಫಿನಾಮಿನನ್, ರೇಡಿಯಸ್, ಇತ್ಯಾದಿ. ಜೀನಿಯಸ್ ಪದಕ್ಕೆ ಪ್ರತಿಭಾವಂತರೆಂಬ ಅರ್ಥದಲ್ಲಿ ಒಂದು ಬಹುವಚನ, ಗಾಳಿಯಲ್ಲಿ ಸಂಚರಿಸುವ ಭೂತಗಳೆಂಬ ಅರ್ಥದಲ್ಲಿ ಇನ್ನೊಂದು. ಲ್ಯಾಟಿನ್ ಓದದ ಹುಡುಗಿಗೆ ಈ ಕೊನೆಯ ಸಾಲು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಊಹಿಸಬಹುದು. ಅದು ಇಲ್ಲದಿದ್ದರೆ ಓದಿದವರ ಎದುರು ಬಾಯಿಬಿಡುವುದಕ್ಕೇ ಅವಳು ಅಂಜಬೇಕಾಗಿತ್ತು.

ಇವುಗಳಲ್ಲಿ ಮರ್ರೆಯ ಸ್ವಂತ ಶೋಧ ಬಹಳ ಕಡಿಮೆ. ರಾಬರ್ಟ್ ಲೋತ್ 1762ರಲ್ಲಿ ಪ್ರಕಟಿಸಿದ ವ್ಯಾಕರಣವೇ ಅವನ ಮುಖ್ಯ ಆಕರ. ಪ್ರೀಸ್ಟ್ಲಿ, ಜಾನ್ಸನ್, ಹ್ಯಾರಿಸ್, ಬ್ಲೇರ್, ಶೆರಿಡನ್, ವಾಕರ್ ಮೊದಲಾದವರಿಂದಲೂ ಧಾರಾಳವಾಗಿ ತೆಗೆದುಕೊಂಡಿದ್ದಾನೆ. ಇದನ್ನು ಮರ್ರೆ ಮುಚ್ಚಿಡಲಿಲ್ಲ. ತನ್ನ ಕೆಲಸ ಸಂಕಲನವೆಂದೇ ಪೀಠಿಕೆಯಲ್ಲಿ ಒಪ್ಪಿಕೊಂಡಿದ್ದಾನೆ. ಆದರೆ ಯಾವ ಮಾತು ಯಾರದೆಂದು ಆಯಾ ಸ್ಥಳದಲ್ಲಿ ಸೂಚಿಸಲಿಲ್ಲ. ನೋಹ ವೆಬ್‌ಸ್ಟರ್ ಈ ಕಾರಣಕ್ಕೆ ಅವನ ಮೇಲೆ ಹರಿಹಾಯ್ದನು. ನಮ್ಮ ಪರಂಪರೆಯಲ್ಲಿ ಪೂರ್ವಸೂರಿಗಳ ಲಕ್ಷಣಗಳನ್ನು ಆಧರಿಸಿ ಬರೆಯುವುದು ದೋಷವಲ್ಲ, ಮರ್ಯಾದೆ. ಆ ಅಳತೆಗೋಲನ್ನು ಮರ್ರೆಗೆ ಅನ್ವಯಿಸಬೇಕೆಂದು ನನ್ನ ವಾದವಲ್ಲ. ಪಾಠ ಹೇಳುವವರ ಕೈಪಿಡಿಯಾಗಿ ಹುಟ್ಟಿದ ಬರಹವನ್ನು ಸ್ವತಂತ್ರ ಶಾಸ್ತ್ರಗ್ರಂಥವೆಂದು ಬಗೆದು ಅಳೆಯುವುದರಲ್ಲಿ ಒಂದು ಅಸಮತೆ ಇದೆ ಎಂಬುದಷ್ಟೇ ಇಲ್ಲಿನ ಸೂಚನೆ.

ವಚನದ ವಿಚಾರ ಮರ್ರೆಗೆ ಬರಿಯ ವ್ಯಾಕರಣವಾಗಿರುವುದು ಸಾಧ್ಯವೂ ಇರಲಿಲ್ಲ. ಕ್ವೇಕರರಿಗೆ ಏಕವಚನವು ಧರ್ಮದ ಪ್ರಶ್ನೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಬ್ಬ ವ್ಯಕ್ತಿಯನ್ನು ದೌ ಎಂದು ಏಕವಚನದಲ್ಲಿ ಕರೆಯುವುದು ಆಳುಕಾಳುಗಳಿಗೆ, ಮಕ್ಕಳಿಗೆ, ಆಪ್ತರಿಗೆ ಮೀಸಲಾಗಿ, ಮೇಲಿನವರಿಗೆ ಯೂ ಎಂಬ ಬಹುವಚನ ಸಲ್ಲುತ್ತಿತ್ತು. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀನು–ನೀವುಗಳ ನಡುವಿನ ಅಂತರವನ್ನು ನಾವು ದಿನವೂ ಬಾಳುತ್ತೇವೆ. ದೇವರ ಎದುರು ಎಲ್ಲರೂ ಸಮಾನರಾದ್ದರಿಂದ ಒಬ್ಬನಿಗೆ ಬಹುವಚನ ಬಳಸುವುದು ಸುಳ್ಳೆಂದು ಕ್ವೇಕರರು ವಾದಿಸಿ ನ್ಯಾಯಾಧೀಶರನ್ನೂ ದೌ ಎಂದು ಕರೆದರು. ಅದಕ್ಕಾಗಿ ಹೊಡೆತ, ಬಂಧನಗಳನ್ನು ಅನುಭವಿಸಿದರು. ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್ ತನ್ನ ಇಬ್ಬರು ಸಂಗಡಿಗರೊಡನೆ 1660ರಲ್ಲಿ ಹೊರತಂದ ಒಂದು ಪುಸ್ತಕದ ವಿಷಯವೇ ಏಕವಚನ ಬಹುವಚನಗಳ ಭೇದ. ಹಲವಾರು ಭಾಷೆಗಳಲ್ಲಿ ಈ ಭೇದ ಇರುವುದನ್ನು ತೋರಿಸಿ, ವಿದ್ವಾಂಸರೆನಿಸಿಕೊಂಡವರು ಅದನ್ನು ಮರೆತಿದ್ದಾರೆಂದು ಅದು ಛೇಡಿಸುತ್ತದೆ. ಮಕ್ಕಳು ಅಕ್ಷರ ಕಲಿಯುವ ಹಲಗೆಯ ಆಕಾರವನ್ನು ಅದರ ಪುಟಗಳಲ್ಲಿ ಅಚ್ಚಿಸಲಾಗಿದೆ.

ಮರ್ರೆಯ ಕಾಲಕ್ಕೆ ದೌ ಎಂಬುದು ಸಾಮಾನ್ಯರ ಮಾತಿನಿಂದ ಬಹುಮಟ್ಟಿಗೆ ಮರೆಯಾಗಿತ್ತು. ಪ್ರಾರ್ಥನೆಯಲ್ಲಿ, ಕಾವ್ಯದಲ್ಲಿ, ಕೆಲವು ಪ್ರಾಂತಗಳ ಆಡುನುಡಿಯಲ್ಲಿ ಮತ್ತು ಕ್ವೇಕರರ ಮನೆಗಳಲ್ಲಿ ಉಳಿದಿತ್ತು. ಅವನ ವ್ಯಾಕರಣದ ಸರ್ವನಾಮದ ಕೋಷ್ಟಕದಲ್ಲಿ ದೌ ಏಕವಚನ, ಯೂ ಬಹುವಚನ. ಇದನ್ನು ಪಂಥಾಭಿಮಾನವೆಂದು ಹೇಳಲಾಗದು. ಆ ಕಾಲದ ಎಲ್ಲ ವ್ಯಾಕರಣಗಳ ಕ್ರಮ ಅದೇ. ಆದರೆ ಹೋಲ್ಗೇಟಿನ ಮನೆಯಲ್ಲಿ ಪಾಠ ಕೇಳಿದ ತರುಣಿಯರಿಗೆ ಆ ಕೋಷ್ಟಕ ಸತ್ತ ರೂಪಗಳ ಪಟ್ಟಿಯಾಗಿರಲಿಲ್ಲ, ಅವರ ನಿತ್ಯದ ಮಾತಾಗಿತ್ತು. ಒಂದು ವ್ಯಾಕರಣದ ಯಾವ ಸಾಲು ಯಾರಿಗೆ ಜೀವಂತ, ಯಾರಿಗೆ ಬರಿಯ ಬಾಯಿಪಾಠ ಎಂಬುದು ಓದುವವರನ್ನು ಅವಲಂಬಿಸಿದೆ. ಅಂದಹಾಗೆ, ಈ ಲೇಖನದಲ್ಲಿ ಮರ್ರೆಯನ್ನು ಏಕವಚನದಲ್ಲಿ ಕರೆದಿರುವುದು ಕೆಲವು ಓದುಗರಿಗೆ ಒರಟೆನಿಸಬಹುದು. ಅವನಿಗೆ ಮಾತ್ರ ಅದು ಸರಿಯೆನಿಸುತ್ತಿತ್ತು.

ಅವನ ಪಟ್ಟಿಯಲ್ಲಿ ಇಲ್ಲದ್ದು ಇತಿಹಾಸ. ಫುಟ್ ಎಂಬುದು ಫೀಟ್ ಏಕಾಗುತ್ತದೆ? ಪುರಾತನ ಜರ್ಮಾನಿಕ್ ಭಾಷೆಯಲ್ಲಿ ಈ ಪದದ ಬಹುವಚನ ಪ್ರತ್ಯಯದಲ್ಲಿ ಇಕಾರವಿತ್ತು. ಮುಂದೆ ಬರುವ ಇಕಾರವನ್ನು ನಿರೀಕ್ಷಿಸಿ ನಾಲಗೆ ಮೊದಲ ಅಕ್ಷರದ ಓಕಾರವನ್ನು ಮುಂದಕ್ಕೆ ಸರಿಸಿತು. ಆಮೇಲೆ ಇಕಾರ ಸವೆದುಹೋಯಿತು, ಅದು ಉಂಟುಮಾಡಿದ ಬದಲಾವಣೆ ಉಳಿಯಿತು. ಹೀಗೆ ಹಳೆಯ ಇಂಗ್ಲಿಷಿನಲ್ಲಿ ಫೋಟ್–ಫೇಟ್ ಎಂಬ ಜೋಡಿ ನಿಂತಿತು. ಮುಂದಿನ ಸ್ವರ ಹಿಂದಿನ ಸ್ವರವನ್ನು ಎಳೆಯುವ ಪ್ರಕ್ರಿಯೆ ನಮಗೆ ಅಪರಿಚಿತವಲ್ಲ. ತಮಿಳಿನ ಕೊಡು, ಕೆಡು ರೂಪಗಳ ಎದುರು ಹಳಗನ್ನಡದ ಕುಡು, ಕಿಡು ರೂಪಗಳನ್ನು ಇರಿಸಿದರೆ ಪದಾಂತ್ಯದ ಉಕಾರದ ಪ್ರಭಾವ ಕಣ್ಣಿಗೆ ಕಾಣುತ್ತದೆ. ಆಕ್ಸನ್ ಪದದ ಅನ್ ಎಂಬುದು ಒಂದು ಕಾಲದಲ್ಲಿ ದೊಡ್ಡದೊಂದು ನಾಮಪದವರ್ಗದ ಬಹುವಚನ ಪ್ರತ್ಯಯ. ಕಣ್ಣು, ಪಾದರಕ್ಷೆ ಮುಂತಾದ ಪದಗಳಿಗೂ ಅದೇ ಇತ್ತು. ಎಸ್ ಪ್ರತ್ಯಯ ಎಲ್ಲವನ್ನೂ ನುಂಗಿತು, ಎತ್ತು ಮಾತ್ರ ಉಳಿಯಿತು. ಚಿಲ್ಡ್ರನ್ ಇನ್ನೂ ಸ್ವಾರಸ್ಯದ್ದು. ಅದರ ರಕಾರವೇ ಹಳೆಯ ಬಹುವಚನ ಪ್ರತ್ಯಯ. ಅದರ ಅರ್ಥ ಮಸುಕಾದಾಗ ಜನ ಮೇಲೊಂದು ಅನ್ ಹಚ್ಚಿದರು. ಅಂದರೆ ಅದು ಬಹುವಚನದ ಮೇಲಿನ ಬಹುವಚನ. ನಮ್ಮ ಮಗು–ಮಕ್ಕಳು ಜೋಡಿಯೂ ಸರಳ ಪ್ರತ್ಯಯಸೇರ್ಪಡೆಯಿಂದ ವಿವರಿಸಲಾಗದ್ದು. ಮಕ್ಕಳುಗಳು ಎಂಬ ರೂಪ ಆಗೀಗ ಕಿವಿಗೆ ಬೀಳುವುದೂ ಉಂಟು. ಇಂಗ್ಲಿಷ್ ಕಲಿಯುವ ನಮ್ಮ ಹುಡುಗನೊಬ್ಬ ಚಿಲ್ಡ್ರನ್ಸ್ ಎಂದು ಬಹುವಚನ ಮಾಡಿದರೆ ನಾವು ತಿದ್ದುತ್ತೇವೆ, ತಿದ್ದಬೇಕು. ಆದರೆ ಅವನು ಮಾಡಿದ್ದು ಇಂಗ್ಲಿಷರ ಪೂರ್ವಜರು ಅದೇ ಪದಕ್ಕೆ ಮಾಡಿದ್ದೇ ಆಗಿದೆ.

ಈ ತಿಳುವಳಿಕೆ 1795ರಲ್ಲಿ ಲಭ್ಯವಿರಲಿಲ್ಲ. ಡೆನ್ಮಾರ್ಕಿನ ರಾಸ್ಕ್, ಜರ್ಮನಿಯ ಯಾಕೊಬ್ ಗ್ರಿಮ್ ಇವರ ಗ್ರಂಥಗಳು ಹೊರಬಂದದ್ದು 1818–1822ರ ಅವಧಿಯಲ್ಲಿ. ಆ ವೇಳೆಗೆ ಮರ್ರೆ ಎಪ್ಪತ್ತು ದಾಟಿದ್ದನು. ಪಟ್ಟಿಯಲ್ಲಿ ಇತಿಹಾಸವಿಲ್ಲದ್ದು ಅವನ ಅಪರಾಧವಲ್ಲ. ಇತಿಹಾಸ ತಿಳಿದ ಮೇಲೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಶಾಲಾಪಠ್ಯಗಳು ಅದೇ ಪಟ್ಟಿಯನ್ನು ಅದೇ ರೀತಿ ಅಚ್ಚಿಸುತ್ತ ಹೋದದ್ದಕ್ಕೆ ಬೇರೆಯವರು ಉತ್ತರಿಸಬೇಕು.

ಪಟ್ಟಿಯಲ್ಲಿ ಯಾವ ಪದಗಳಿವೆ ಎಂಬುದನ್ನೂ ನೋಡಬೇಕು. ಗಂಡಸು, ಹೆಂಗಸು, ಮಗು, ಸೋದರ, ಕಾಲು, ಹಲ್ಲು, ಎತ್ತು, ಬಾತು, ಇಲಿ, ಹೇನು, ದಿನದ ಚಿಲ್ಲರೆ ಕಾಸು. ಎಲ್ಲವೂ ಮನೆಯಂಗಳದ ಪದಗಳು. ದಿನವೂ ನಾಲಗೆಯ ಮೇಲೆ ಇದ್ದುದರಿಂದಲೇ ಅವು ಹಳೆಯ ರೂಪವನ್ನು ಉಳಿಸಿಕೊಂಡವು. ಬಳಕೆ ಕಡಿಮೆಯಾದವು ನಿಯಮಕ್ಕೆ ಶರಣಾದವು. ಹಳೆಯ ಇಂಗ್ಲಿಷಿನಲ್ಲಿ ಪುಸ್ತಕವನ್ನು ಸೂಚಿಸುವ ಪದಕ್ಕೂ ಫುಟ್–ಫೀಟ್ ಮಾದರಿಯ ಬಹುವಚನವಿತ್ತು. ಅದು ಉಳಿಯಲಿಲ್ಲ, ಬುಕ್ಸ್ ಆಯಿತು. ತಾಯ್ನುಡಿಯಾಗಿ ಇಂಗ್ಲಿಷ್ ಆಡುವ ಮಗು ಈ ಪದಗಳನ್ನು ಪಟ್ಟಿಯಿಂದ ಕಲಿಯುವುದಿಲ್ಲ, ಕೇಳಿ ಕೇಳಿ ಕಲಿಯುತ್ತದೆ. ನಡುವೆ ಕೆಲಕಾಲ ಫುಟ್ಸ್, ಮೌಸಸ್ ಎಂದು ನಿಯಮವನ್ನು ಹಚ್ಚಿ ನೋಡುತ್ತದೆ. ಜೀನ್ ಬರ್ಕೊ 1958ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ ಚಿಕ್ಕ ಮಕ್ಕಳಿಗೆ ಇಲ್ಲದ ಪ್ರಾಣಿಯೊಂದರ ಚಿತ್ರ ತೋರಿಸಿ, ವಗ್ ಎಂದು ಹೆಸರು ಹೇಳಿ, ಎರಡಿದ್ದರೆ ಏನೆನ್ನಬೇಕೆಂದು ಕೇಳಲಾಯಿತು. ಎಂದೂ ಕೇಳದ ಪದಕ್ಕೂ ಬಹುಪಾಲು ಮಕ್ಕಳು ಸರಿಯಾದ ಪ್ರತ್ಯಯ ಹಚ್ಚಿದರು. ಹೀಫ್ ಎಂಬ ಕಲ್ಪಿತ ಪದಕ್ಕೆ ವಯಸ್ಕರಲ್ಲಿ ಹಲವರು ಹೀವ್ಸ್ ಎಂದರೆ, ಮಕ್ಕಳು ಸಾಮಾನ್ಯವಾಗಿ ಹೀಫ್ಸ್ ಎಂದರು. ಮರ್ರೆ ಹೇಳಿದ ಲೋಫ್–ಲೋವ್ಸ್ ಮಾದರಿ ನಿಯಮವಾಗಿ ಮನಸ್ಸಿನಲ್ಲಿ ಕೂರುವುದು ತಡವಾಗಿ, ಕೂತರೂ ಅರೆಬರೆಯಾಗಿ ಎಂಬುದು ಇದರಿಂದ ತಿಳಿಯುತ್ತದೆ. ಪರಭಾಷೆಯಾಗಿ ಕಲಿಯುವವರಿಗೆ ಮನೆಯಂಗಳದ ಆ ಕೇಳ್ಮೆ ಇಲ್ಲ. ಅವರಿಗೆ ಪಟ್ಟಿ ಬೇಕು. ಯಾರ್ಕಿನ ಹೆಣ್ಣುಮಕ್ಕಳಿಗೆ ತಿಳಿದ ಮಾತನ್ನು ಕ್ರಮಪಡಿಸಿಕೊಟ್ಟ ಪುಟವು ಸಮುದ್ರದಾಚೆ ತಿಳಿಯದ ಭಾಷೆಯನ್ನು ಕಲಿಯುವ ಸಾಧನವಾದಾಗ ಅದರ ಸ್ವಭಾವವೇ ಬದಲಾಯಿತು.

ಅಭ್ಯಾಸವಿಲ್ಲದೆ ಪಟ್ಟಿ ನಿಲ್ಲುವುದಿಲ್ಲವೆಂಬುದು ಮರ್ರೆಗೆ ಗೊತ್ತಿತ್ತು. 1797ರಲ್ಲಿ ಅವನು ವ್ಯಾಕರಣದ ಸಂಕ್ಷೇಪವನ್ನೂ ಅಭ್ಯಾಸಪುಸ್ತಕವನ್ನೂ ಅದರ ಉತ್ತರಸೂಚಿಯನ್ನೂ ಪ್ರಕಟಿಸಿದನು. ಅಭ್ಯಾಸಪುಸ್ತಕದ ಕ್ರಮ ಸರಳ: ತಪ್ಪು ವಾಕ್ಯಗಳನ್ನು ಕೊಡುವುದು, ವಿದ್ಯಾರ್ಥಿ ತಿದ್ದುವುದು. ಉತ್ತರಸೂಚಿ ಬೇರೆ ಪುಸ್ತಕವಾಗಿ ದೊರೆತದ್ದರಿಂದ ಶಾಲೆಗೆ ಹೋಗಲಾಗದವರೂ ತಾವೇ ಕಲಿಯುವುದು ಸಾಧ್ಯವಾಯಿತು. ಅನಂತರ 1799ರಲ್ಲಿ ಗದ್ಯಪದ್ಯಗಳ ಪಠ್ಯ, 1804ರಲ್ಲಿ ಕಾಗುಣಿತ ಪುಸ್ತಕ, ನಡುವೆ ಫ್ರೆಂಚ್ ಪಠ್ಯಗಳು. ಗದ್ಯಪದ್ಯಗಳ ಪಠ್ಯವನ್ನು ಅಬ್ರಹಾಂ ಲಿಂಕನ್ ಬಹಳ ಮೆಚ್ಚಿದ್ದನೆಂದು ಅವನ ಜೊತೆಯ ವಕೀಲ ದಾಖಲಿಸಿದ್ದಾನೆ. ಪುಸ್ತಕಗಳಿಂದ ಬಂದ ಹಣವನ್ನು ಮರ್ರೆ ತನಗಾಗಿ ಬಳಸಲಿಲ್ಲ, ದಾನಕಾರ್ಯಗಳಿಗೆ ಕೊಟ್ಟನು.

ಪ್ರಸಾರದ ವೇಗ ಅವನನ್ನೇ ಬೆರಗುಗೊಳಿಸಿರಬೇಕು. ಮೂವರು ನಾಲ್ವರು ಅಧ್ಯಾಪಕಿಯರಿಗಾಗಿ ಬರೆದದ್ದು ಅಟ್ಲಾಂಟಿಕ್ಕಿನ ಎರಡು ದಡಗಳಲ್ಲಿಯೂ ವ್ಯಾಕರಣವೆಂಬ ಪದಕ್ಕೆ ಪರ್ಯಾಯವಾಯಿತು. 1835ರಲ್ಲಿ ಬಾಸ್ಟನ್ನಿನಲ್ಲಿ ಅಂಧರಿಗಾಗಿ ಉಬ್ಬು ಅಕ್ಷರಗಳಲ್ಲಿ ಸಂಕ್ಷೇಪ ಅಚ್ಚಾಯಿತು. ಡಚ್ ಅನುವಾದವೊಂದರ ಮೂಲಕ ಅದು ಜಪಾನನ್ನು ತಲುಪಿ 1840ರ ಸುಮಾರಿಗೆ ಜಪಾನಿ ರೂಪ ಪಡೆಯಿತು. ಹೊರನಾಡಿಗೆ ಬಾಗಿಲು ಮುಚ್ಚಿದ್ದ ದೇಶವೊಂದು ಇಂಗ್ಲಿಷ್ ವ್ಯಾಕರಣವನ್ನು ಕಂಡದ್ದು ಹೀಗೆ. ಡಿಕನ್ಸ್‌ನ ಕಾದಂಬರಿಯೊಂದರಲ್ಲಿ ಮೇಣದ ಬೊಂಬೆಗಳ ಪ್ರದರ್ಶನ ನಡೆಸುವಾಕೆ ಶಾಲಾಬಾಲಕಿಯರನ್ನು ಒಲಿಸಲು ವಿದೂಷಕನ ಬೊಂಬೆಗೆ ಮುಖ ಬದಲಿಸಿ ವ್ಯಾಕರಣ ಬರೆಯುತ್ತಿರುವ ಮರ್ರೆಯನ್ನಾಗಿ ಮಾಡುತ್ತಾಳೆ. ಜಾರ್ಜ್ ಎಲಿಯಟ್‌ಳ ಮಿಡ್ಲ್‌ಮಾರ್ಚ್ ಕಾದಂಬರಿಯ ಶ್ರೀಮತಿ ಗಾರ್ತ್ ಅಡುಗೆಯ ಕೆಲಸದ ನಡುವೆಯೇ ಮಕ್ಕಳಿಗೆ ವ್ಯಾಕರಣ ಹೇಳುವ ತಾಯಿ. ಲೋಕವೇ ಮುಳುಗಿದರೂ ಮರ್ರೆಯ ಪುಸ್ತಕವನ್ನು ನೀರಿನ ಮೇಲೆ ಎತ್ತಿ ಹಿಡಿಯುವವಳೆ ಸರಿ ಎಂಬರ್ಥದ ವರ್ಣನೆ ಅಲ್ಲಿ ಬರುತ್ತದೆ. ಎರಡರಲ್ಲಿಯೂ ನಗೆಯಿದೆ, ಆದರೆ ಎಲಿಯಟ್‌ಳ ನಗೆಯಲ್ಲಿ ಮರ್ರೆಯ ನಿಜವಾದ ಓದುಗಳು ಯಾರೆಂಬ ಅರಿವೂ ಇದೆ.

ಕಂಪನಿ ಸರ್ಕಾರದ ಕಾಲದಲ್ಲಿ ಈ ವ್ಯಾಕರಣ ಮತ್ತು ಕಾಗುಣಿತ ಪುಸ್ತಕ ಕಲ್ಕತ್ತೆಯ ಶಾಲೆಗಳಲ್ಲಿ ಬಳಕೆಗೆ ಬಂದವು. ಮರ್ರೆ ಬದುಕಿದ್ದಾಗಲೇ ಶ್ರೀರಾಮಪುರದಿಂದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ, ಮದರಾಸಿನಿಂದ ಜಾನ್ ಮೆಕೆರೆಲ್‌ನ ವ್ಯಾಕರಣ 1820ರಲ್ಲಿ ಹೊರಬಂದವು. ಇವುಗಳ ಮೇಲೆ ಮರ್ರೆಯ ನೇರ ಪ್ರಭಾವವನ್ನು ಹೇಳುವುದು ಸಾಹಸವಾದೀತು. ಆದರೆ ನಿಯಮವನ್ನು ಮೊದಲು, ಅಪವಾದದ ಪಟ್ಟಿಯನ್ನು ಆಮೇಲೆ ಇರಿಸುವ ಪಠ್ಯಕ್ರಮಕ್ಕೆ ಒಗ್ಗಿದ ಕಣ್ಣಿಗೆ ಕನ್ನಡದ ವಚನವ್ಯವಸ್ಥೆ ತೊಡಕಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಕನ್ನಡದಲ್ಲಿ ಅಣ್ಣಂದಿರು, ಅರಸರು, ಮರಗಳು ಎಂದು ಪ್ರತ್ಯಯವು ಪದದ ಅರ್ಥವನ್ನು ನೋಡಿ ಬರುತ್ತದೆ. ಹತ್ತು ಮರ, ಎರಡು ಕಾಲು ಎನ್ನುವಾಗ ಬರುವುದೇ ಇಲ್ಲ. ಕೇಶಿರಾಜನು ಇದನ್ನು ಅಪವಾದವೆಂದಲ್ಲ, ಭಾಷೆಯ ಸಹಜ ಗತಿಯೆಂದು ಸೂತ್ರಿಸಿದ್ದಾನೆ. ನಮ್ಮ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಐದು ಫುಟ್ ಎಂದಾಗ ಅವನ ಬಾಯಿಂದ ಬರುವುದು ಅಜ್ಞಾನವಲ್ಲ, ಕನ್ನಡದ ವಚನಪ್ರಜ್ಞೆ.

ಹತ್ತೊಂಬತ್ತನೆಯ ಶತಮಾನದ ನಡುವಿಗೆ ಮರ್ರೆಯ ಮೇಲೆ ದಾಳಿ ಹೆಚ್ಚಿತು. ಗೂಲ್ಡ್ ಬ್ರೌನ್ 1851ರ ತನ್ನ ಬೃಹದ್ಗ್ರಂಥದಲ್ಲಿ ಅವನ ತಪ್ಪುಗಳನ್ನು ಒಂದೊಂದಾಗಿ ಹೆಕ್ಕಿದನು. ವಾಷಿಂಗ್ಟನ್ ಮೂನ್ ಎಂಬವನು 1868ರಲ್ಲಿ ಮರ್ರೆಯ ಸ್ವಂತ ಇಂಗ್ಲಿಷೇ ಕೆಟ್ಟದ್ದೆಂದು ಪುಸ್ತಕ ಬರೆದನು. ಅವರು ಬಳಸಿದ ಅಳತೆಗೋಲು ಮರ್ರೆ ಪ್ರಚುರಪಡಿಸಿದ್ದೇ ಎಂಬುದು ವಿಪರ್ಯಾಸ.

ಇದಾವುದನ್ನೂ ಮರ್ರೆ ನೋಡಲಿಲ್ಲ. ಆತ್ಮಕಥನವನ್ನು ಪತ್ರಗಳ ರೂಪದಲ್ಲಿ ಬರೆಯುವಂತೆ ಅವನನ್ನು ಒಪ್ಪಿಸಿದವಳು ಎಲಿಜಬೆತ್ ಫ್ರಾಂಕ್ ಎಂಬ ಗೆಳತಿ. ಅವನು ತೀರಿಕೊಂಡ 1826ರಲ್ಲಿಯೇ ಆಕೆ ತನ್ನ ಅನುಬಂಧವನ್ನು ಸೇರಿಸಿ ಅದನ್ನು ಯಾರ್ಕಿನಲ್ಲಿ ಪ್ರಕಟಿಸಿದಳು. ವ್ಯಾಕರಣದ ಕುರಿತು ಅದರಲ್ಲಿರುವುದು ಅಲ್ಪ. ದೇಹದ ಸೋಲು, ದೇವರ ದಯೆ, ಹೆಂಡತಿಯ ಆರೈಕೆಗಳದೇ ಹೆಚ್ಚು. ಯಾರ್ಕಿನ ಬಿಷಪ್‌ಹಿಲ್‌ನಲ್ಲಿರುವ ಕ್ವೇಕರರ ರುದ್ರಭೂಮಿಯಲ್ಲಿ ಅವನನ್ನು ಮಣ್ಣುಮಾಡಿದರು. ಹನ್ನಾಳ ಕಾಲಾನಂತರ ಉಳಿದ ಆಸ್ತಿ ನ್ಯೂಯಾರ್ಕಿನ ಧರ್ಮದರ್ಶಿಗಳಿಗೆ ಸೇರಿ, ಗುಲಾಮರ ಬಿಡುಗಡೆ ಮತ್ತು ಅವರ ಮಕ್ಕಳ ಶಿಕ್ಷಣ, ಅಮೆರಿಕದ ಮೂಲನಿವಾಸಿಗಳ ಹಿತ, ಬಡವರ ನೆರವು ಇವುಗಳಿಗೆ ವಿನಿಯೋಗವಾಗಬೇಕೆಂದು ಅವನು ಉಯಿಲಿನಲ್ಲಿ ಬರೆದಿದ್ದನು. ಹನ್ನಾ ಇನ್ನೂ ಕೆಲವು ವರ್ಷ ಬದುಕಿದಳು. ಹೋಲ್ಗೇಟಿನ ತೋಟದಲ್ಲಿದ್ದ ಚಿಕ್ಕ ಬೇಸಿಗೆ ಮನೆಯನ್ನು ಮುಂದೆ ಬಿಚ್ಚಿ, ಅದೇ ನಗರದ ದಿ ಮೌಂಟ್ ಎಂಬ ಕ್ವೇಕರ್ ಹೆಣ್ಣುಮಕ್ಕಳ ಶಾಲೆಯ ಅಂಗಳದಲ್ಲಿ ಜೋಡಿಸಿ ಇರಿಸಿದರು.